ಹಲಗೆಯ ಮೇಲೆ ಒಂದು ವರ್ಷ

(ಸಂಘದ ವಾರ್ಷಿಕ ಕೂಟದಲ್ಲಿ ಸದಸ್ಯರೊಬ್ಬರು ಮಾಡಿದ ಭಾಷಣ)



ಭಾಷಣ ಮಾಡಿ ಅಭ್ಯಾಸವಿಲ್ಲದವನು ನಾನು. ಹತ್ತು ಮೇಜುಗಳ ಆರ್ಡರನ್ನು ಒಂದೇ ಉಸಿರಿನಲ್ಲಿ ಕೂಗಿ ಹೇಳಬಲ್ಲೆ. ಸಭೆಯ ಮುಂದೆ ನಿಂತು ಹತ್ತು ಮಾತನಾಡುವುದು ಬೇರೆ ಸಂಗತಿ. ಆದರೆ ನಮ್ಮ ಕಾರ್ಯದರ್ಶಿಗಳು, “ಒಂದು ವರ್ಷ ಸಂಘದ ಗೋಡೆಯನ್ನು ಉಪಯೋಗಿಸಿದ್ದೀಯಲ್ಲ, ಅದರ ಲೆಕ್ಕ ಒಪ್ಪಿಸು” ಎಂದು ಅಪ್ಪಣೆ ಮಾಡಿದ್ದಾರೆ. ಆದುದರಿಂದ ಲೆಕ್ಕ ಒಪ್ಪಿಸಲು ನಿಂತಿದ್ದೇನೆ.

ಕಳೆದ ಯುಗಾದಿಯ ದಿನ ವಾಚನಾಲಯದ ಬಾಗಿಲ ಪಕ್ಕದ ಹಲಗೆಗೆ ನನ್ನ ಮೊದಲ ಚಿತ್ರವನ್ನು ಅಂಟಿಸಿದೆ. ವಾರಕ್ಕೊಂದು ಚಿತ್ರ ಎಂಬುದು ಸಂಕಲ್ಪ. 52 ಆಗಬೇಕಿತ್ತು, 39 ಆದವು. ಉಳಿದ ವಾರಗಳನ್ನು ಡಬಲ್ ಡ್ಯೂಟಿಯೂ, ಜ್ವರವೂ, ಊರಿನ ಒಂದು ಮದುವೆಯೂ ತಿಂದವು. ಹಳೆಯ ಕ್ಯಾಲೆಂಡರಿನ ಬೆನ್ನೇ ಕಾಗದ, ಬಿಲ್ ಬರೆಯುವ ಪೆನ್ನೇ ಕುಂಚ. ರಾತ್ರಿ ಶಟರು ಎಳೆದು, ಮೇಜುಗಳನ್ನು ಒತ್ತರಿಸಿದ ಮೇಲೆ ಸಿಗುವ ಅರ್ಧ ಗಂಟೆಯೇ ಸಮಯ.

“ಎಲ್ಲರ ಕಿಸೆಯಲ್ಲೂ ಮೊಬೈಲು ಇರುವಾಗ ಕೈಯಲ್ಲಿ ಬರೆಯುವ ಕಷ್ಟವೇಕೆ?” ಎಂದು ಹಲವರು ಕೇಳಿದರು. ಇದಕ್ಕೆ ನನ್ನ ಉತ್ತರ ಸಣ್ಣದು. ಮೊಬೈಲಿನಲ್ಲಿ ಫೋಟೋ ತೆಗೆಯಲು ಒಂದು ಕ್ಷಣ ಸಾಕು. ಮನುಷ್ಯನ ಕೈಯನ್ನು ಬರೆಯಲು ಆ ಕೈಯನ್ನು ಅರ್ಧ ಗಂಟೆ ನೋಡಬೇಕು. ಒಂದೇ ಹೋಟೆಲಿನಲ್ಲಿ ಆರು ವರ್ಷ ಜತೆಗೆ ದುಡಿದವರ ಕೈಯನ್ನು ನಾನು ಅಲ್ಲಿಯವರೆಗೆ ನೋಡಿಯೇ ಇರಲಿಲ್ಲ.

ಮೊದಲು ಬರೆದವು ಕ್ಯಾಲೆಂಡರಿನ ಗಣಪತಿ, ಸಿನಿಮಾ ನಟರು. ನೀವು ಹೊಗಳಿದಿರಿ; ಆದರೆ ಯಾರೂ ಎರಡನೆಯ ಸಲ ಹಲಗೆಯ ಹತ್ತಿರ ನಿಲ್ಲಲಿಲ್ಲ. ಏಳನೆಯ ವಾರ, ದೋಸೆಯ ಕಾವಲಿಯ ಮುಂದೆ ನಿಂತ ನಮ್ಮ ಭಟ್ಟರನ್ನು ಬರೆದೆ. ಅಂದು ವಾಚನಾಲಯದಲ್ಲಿ ಗಲಾಟೆಯೇ ಆಯಿತು. “ಹಿಟ್ಟು ಸುತ್ತುವವನು ಸೌಟನ್ನು ಹೀಗೆ ಹಿಡಿಯುವುದಿಲ್ಲ” ಎಂದು ಅಂಧೇರಿಯ ಭಟ್ಟರು. “ನಮ್ಮ ಕಡೆ ಹೀಗೆಯೇ” ಎಂದು ಘಾಟ್ಕೋಪರಿನವರು. ಕೊನೆಗೆ ಇಬ್ಬರೂ ಬರಿಯ ಗಾಳಿಯಲ್ಲಿ ದೋಸೆ ಹೊಯ್ದು ತೋರಿಸಿದರು. ಮರುವಾರ ಆ ಕೈಯನ್ನು ತಿದ್ದಿ ಬರೆದೆ.

ಗಿರಣಿಯ ನಮ್ಮ ಹಿರಿಯರೊಬ್ಬರು ನಾನು ಅಂದಾಜಿನಲ್ಲಿ ಬರೆದಿದ್ದ ಮಗ್ಗವನ್ನು ನೋಡಿ ನಕ್ಕರು. “ಲಾಳಿ ಹೋಗಲು ದಾರಿಯೇ ಇಲ್ಲವಲ್ಲಪ್ಪಾ” ಎಂದು ಪೆನ್ನನ್ನು ಕಸಿದುಕೊಂಡು ತಾವೇ ಬರೆಯತೊಡಗಿದರು. 1982ರ ಜನವರಿ 18ರಂದು ಮುಂಬಯಿಯ ಗಿರಣಿಗಳಲ್ಲಿ ಮುಷ್ಕರ ಪ್ರಾರಂಭವಾದಾಗ, ಹೊರಗೆ ಬಂದ ಸುಮಾರು ಎರಡೂವರೆ ಲಕ್ಷ ಕಾರ್ಮಿಕರಲ್ಲಿ ಅವರೂ ಒಬ್ಬರು. ಆ ಮೇಲೆ ಅವರು ಮಗ್ಗವನ್ನು ಮುಟ್ಟಿಲ್ಲ. ಅವರು ದುಡಿದ ಜಾಗದಲ್ಲಿ ಈಗ ಎತ್ತರದ ಕಟ್ಟಡ ನಿಂತಿದೆ. ಆದರೂ ಹಾಸು, ಹೊಕ್ಕು, ಲಾಳಿ, ಒಂದೂ ತಪ್ಪದೆ ಕಾಗದದ ಮೇಲೆ ಬಂದವು. ಅಜ್ಜನನ್ನು ಕರೆದೊಯ್ಯಲು ಬಂದಿದ್ದ ಮೊಮ್ಮಗ, “ಇಷ್ಟು ಹತ್ತಿರ ನಿಂತಿರುತ್ತಿದ್ದಿರಾ? ಸದ್ದು ಎಷ್ಟಿರುತ್ತಿತ್ತು?” ಎಂದು ಕೇಳಿದ. ಹಿರಿಯರು ಕಿವಿಯನ್ನು ಮುಟ್ಟಿ ತೋರಿಸಿದರು. ಅವರಿಗೆ ಒಂದು ಕಿವಿ ಏಕೆ ಕೇಳಿಸದೆಂಬುದು ನಮಗೂ ಆ ದಿನವೇ ತಿಳಿದದ್ದು.

ಮಳೆಗಾಲದ ಒಂದು ರಜೆಯ ದಿನ ಅದೇ ಹಿರಿಯರು ನಮ್ಮ ನಾಲ್ವರನ್ನು ಕಾಲಾ ಘೋಡಾದ ಜಹಾಂಗೀರ್ ಕಲಾ ಗ್ಯಾಲರಿಗೆ ಕರೆದೊಯ್ದರು. ಒಳಗೆ ಹೋಗಲು ಟಿಕೆಟ್ಟಿಲ್ಲ. ಆದರೂ ಬಾಗಿಲಲ್ಲಿ ನಮ್ಮ ಕಾಲು ಹಿಂಜರಿಯಿತು. ಆಗ ಅವರು ಕೆ. ಕೆ. ಹೆಬ್ಬಾರರ ವಿಚಾರ ಹೇಳಿದರು. ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಹೆಬ್ಬಾರರು ಈ ಊರಿಗೆ ಬಂದು, ಜೆ. ಜೆ. ಕಲಾಶಾಲೆಯಲ್ಲಿ ಕಲಿತು, ಅಲ್ಲಿಯೇ ಕಲಿಸಿ, ಪ್ಯಾರಿಸ್ಸಿಗೂ ಹೋಗಿ ಬಂದವರು. 1961ರಲ್ಲಿ ಪದ್ಮಶ್ರೀ, 1989ರಲ್ಲಿ ಪದ್ಮಭೂಷಣ ಪಡೆದವರು. 1996ರಲ್ಲಿ ಮುಂಬಯಿಯಲ್ಲೇ ತೀರಿಕೊಂಡರು. ದೇಶವಿದೇಶ ಸುತ್ತಿದರೂ ಊರಿನ ಕೋಳಿ ಅಂಕವನ್ನು ಅವರ ಕುಂಚ ಮರೆಯಲಿಲ್ಲ. 1952ರಲ್ಲಿ ಆ ಗ್ಯಾಲರಿ ತಲೆಯೆತ್ತಲು ಒತ್ತಾಸೆಯಾದವರಲ್ಲಿ ವಿಜ್ಞಾನಿ ಹೋಮಿ ಭಾಭಾ ಅವರೊಡನೆ ಹೆಬ್ಬಾರರ ಹೆಸರೂ ಇದೆ. “ಬರೆಯುವವನಿಗೆ ಗೋಡೆಯೂ ಬೇಕು. ನಮ್ಮವರೊಬ್ಬರು ಅದಕ್ಕಾಗಿ ದುಡಿದಿದ್ದಾರೆ. ಧೈರ್ಯವಾಗಿ ಬನ್ನಿ” ಎಂದರು ಹಿರಿಯರು. ಹೋದೆವು.

ಆದರೆ ಬಂಧುಗಳೇ, ಗೋಡೆ ಸಿಕ್ಕಿದರೆ ಸಾಲದೆಂಬುದನ್ನು ನಾನು ಕಲಿತದ್ದು ದೀಪಾವಳಿಯ ಹೊತ್ತಿಗೆ. ನನ್ನ ತಪ್ಪನ್ನೂ ಲೆಕ್ಕಕ್ಕೆ ಸೇರಿಸಬೇಕು.

ನಮ್ಮ ಹೋಟೆಲಿನ ಮೋರಿಯಲ್ಲಿ ತಟ್ಟೆ ತೊಳೆಯುವ ತಮ್ಮನೊಬ್ಬನಿದ್ದಾನೆ. ಬಗ್ಗಿ ನಿಂತ ಅವನ ಬೆನ್ನು, ಕುತ್ತಿಗೆಯ ಎಲುಬು, ಮೇಲಿನ ಬಲ್ಬಿನ ಬೆಳಕು, ಇವನ್ನೆಲ್ಲ ಮೂರು ರಾತ್ರಿ ಕುಳಿತು ಬರೆದೆ. ವರ್ಷದಲ್ಲೇ ಅತ್ಯುತ್ತಮ ಚಿತ್ರವೆಂದು ಹಿಗ್ಗಿದೆ. ಅವನನ್ನು ಒಂದು ಮಾತು ಕೇಳದೆ ಹಲಗೆಗೆ ಹಾಕಿದೆ. ಅವನ ಊರಿನವರೊಬ್ಬರು ಅದನ್ನು ಮೊಬೈಲಿನಲ್ಲಿ ಹಿಡಿದು ಊರಿಗೆ ಕಳುಹಿಸಿದರು. ಅವನು ಮನೆಯಲ್ಲಿ ಹೇಳಿದ್ದುದು, ತಾನು ಗಲ್ಲಾದಲ್ಲಿ ಕೂತಿದ್ದೇನೆಂದು!

“ನನ್ನನ್ನು ಒಂದು ಮಾತು ಕೇಳಬಾರದಿತ್ತೇ ಅಣ್ಣಾ?” ಅಷ್ಟೇ ಅವನು ಅಂದದ್ದು. ಚಿತ್ರವನ್ನು ಅಂದೇ ತೆಗೆದೆ. ಎರಡು ತಿಂಗಳು ಅವನು ನನ್ನೊಡನೆ ಮಾತನಾಡಲಿಲ್ಲ. ಒಂದು ಪಂಕ್ತಿಯಲ್ಲಿ ಕೂತು ಉಣ್ಣುವವರ ನಡುವೆ ಆ ಮೌನ ಎಂಥದೆಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಸಂಕ್ರಾಂತಿಯ ರಾತ್ರಿ ಅವನಾಗಿಯೇ ಬಂದು ಎಳ್ಳುಬೆಲ್ಲ ಕೊಟ್ಟ. ಚಿತ್ರ ಕಂಡ ದಿನವೇ ಅವನ ತಾಯಿ ಫೋನು ಮಾಡಿದ್ದರಂತೆ. ತಟ್ಟೆಯ ಮಾತೇ ಎತ್ತಲಿಲ್ಲವಂತೆ. “ಕುತ್ತಿಗೆಯ ಎಲುಬು ಕಾಣುತ್ತದಲ್ಲೋ ಮಗಾ, ಹೊಟ್ಟೆ ತುಂಬ ಉಣ್ಣುತ್ತೀಯಾ?” ಎಂದಷ್ಟೇ ಕೇಳಿದರಂತೆ.

ಆ ಎಲುಬನ್ನು ನಾನು ಮೂರು ರಾತ್ರಿ ನೋಡಿದ್ದೆ. ಗೆರೆ ಚೆನ್ನಾಗಿ ಬಂತೆಂದು ಸಂತೋಷಪಟ್ಟಿದ್ದೆ. ಉಂಡೆಯಾ ಎಂದು ಒಮ್ಮೆಯೂ ಕೇಳಿರಲಿಲ್ಲ. ನೋಡಲು ಕಲಿತೆನೆಂದು ಈಗಷ್ಟೇ ನಿಮ್ಮ ಮುಂದೆ ಜಂಬ ಕೊಚ್ಚಿದೆನಲ್ಲ, ಆ ಜಂಬಕ್ಕೆ ಆ ತಾಯಿಯ ಮಾತೇ ಉತ್ತರ.

ಅಂದಿನಿಂದ ಎರಡು ನಿಯಮ ಇಟ್ಟುಕೊಂಡಿದ್ದೇನೆ. ಬರೆಯುವ ಮೊದಲು ಕೇಳುವುದು. ಬರೆದದ್ದನ್ನು ಹಲಗೆಗೆ ಹಾಕುವ ಮೊದಲು ಅವರಿಗೇ ತೋರಿಸುವುದು. ಮೂವರು ಬೇಡವೆಂದರು; ಆ ಮೂರು ಚಿತ್ರಗಳು ಅವರವರ ಪೆಟ್ಟಿಗೆಯಲ್ಲಿವೆ. ಅವನ್ನೂ 39ರಲ್ಲಿ ಎಣಿಸಿದ್ದೇನೆ.

ಇನ್ನು ಬರುವ ವರ್ಷದ ಮಾತು. ಹಲಗೆಯ ಅರ್ಧ ಭಾಗವನ್ನು ನಾನು ಬಿಟ್ಟುಕೊಡುತ್ತೇನೆ. ಡೊಂಬಿವಲಿಯಿಂದ, ವಿರಾರಿನಿಂದ ಲೋಕಲಿನಲ್ಲಿ ಬರುವವರು ಒಂದು ಹಾಳೆ ತನ್ನಿ. ಸೊಟ್ಟಗಿದ್ದರೂ ಅಡ್ಡಿಯಿಲ್ಲ, ತಿದ್ದಲು ನಮ್ಮ ಭಟ್ಟರಿದ್ದಾರೆ, ಹಿರಿಯರಿದ್ದಾರೆ. ಮೋರಿಯ ತಮ್ಮ ಈಗಾಗಲೇ ಒಂದು ಹಾಳೆ ಕೇಳಿ ಪಡೆದಿದ್ದಾನೆ. ಏನು ಬರೆಯುತ್ತಾನೆಂದು ನಾನು ಕೇಳಿಲ್ಲ. ಅವನಾಗಿಯೇ ತೋರಿಸಿದಾಗ ನಿಮ್ಮೊಡನೆ ನಾನೂ ನೋಡುವೆ.