ಲಕ್ವ ಹೊಡೆದ ಕೈಗೆ ವಿದ್ಯುತ್ತಿನ ನೆರವು



ನಮ್ಮ ಸೊಲ್ಲಾಪುರ, ಅಕ್ಕಲಕೋಟೆ ಕಡೆ ಲಕ್ವ ಎನ್ನುವ ಕಾಯಿಲೆಗೆ ಪುಸ್ತಕದಲ್ಲಿ ಪಾರ್ಶ್ವವಾಯು ಎಂದು ಹೆಸರು. ಮಿದುಳಿನ ಒಂದು ಭಾಗಕ್ಕೆ ರಕ್ತ ಹೋಗುವುದು ನಿಂತರೆ, ಇಲ್ಲವೆ ಅಲ್ಲಿ ರಕ್ತನಾಳ ಒಡೆದರೆ ಇದು ಬರುತ್ತದೆ. ಮಿದುಳಿನ ಎಡಭಾಗಕ್ಕೆ ಪೆಟ್ಟಾದರೆ ಬಲಗೈ, ಬಲಗಾಲು ಸೋಲುತ್ತವೆ. ಎಷ್ಟೋ ಜನರ ಕಾಲು ಕೋಲು ಹಿಡಿದು ನಡೆಯುವ ಮಟ್ಟಕ್ಕೆ ಬಂದರೂ ಕೈ ಮಾತ್ರ ಎದೆಗೆ ಮಡಚಿಕೊಂಡು, ಬೆರಳು ಮುಷ್ಟಿಯಾಗಿ ಉಳಿದುಬಿಡುತ್ತದೆ.

ನಾನು ವೈದ್ಯನಲ್ಲ, ಬ್ಯಾಂಕಿನ ನಿವೃತ್ತ ಗುಮಾಸ್ತ. ಕೌಂಟರಿನಲ್ಲಿ ಕುಳಿತವನಿಗೆ ಈ ಕೈಯ ಬೆಲೆ ಗೊತ್ತು. ಜೀವಮಾನವೆಲ್ಲ ಮಕ್ಕಳಿಗೆ ಅಕ್ಷರ ತಿದ್ದಿಸಿದ ಮಾಸ್ತರರೇ ಪೆನ್ಷನ್ ಪಡೆಯಲು ಬಂದು ಹೆಬ್ಬೆಟ್ಟು ಒತ್ತಬೇಕಾಗುತ್ತದೆ. ಇಬ್ಬರು ಸಾಕ್ಷಿಗಳಿದ್ದರೆ ಹಣಕ್ಕೇನೂ ಅಡ್ಡಿಯಿಲ್ಲ. ಆದರೆ ಶಾಯಿ ಒರೆಸಿಕೊಳ್ಳುವಾಗ ಅವರ ಮುಖ ನೋಡಿದವರಿಗೆ, ಕಳೆದುಹೋದದ್ದು ಬರೀ ಸಹಿಯಲ್ಲ ಎಂದು ತಿಳಿಯುತ್ತದೆ.

"ಆರು ತಿಂಗಳಾತು, ಇನ್ನ ಆ ಕೈ ಬರೂದಿಲ್ಲ ಬಿಡ್ರಿ" ಎನ್ನುವುದು ಮನೆಮನೆಯ ಮಾತು. ಈ ಮಾತು ಪೂರ್ತಿ ನಿಜವಲ್ಲ ಎಂದು ನಿಮಗೆ ತಿಳಿಸುವುದೇ ನನ್ನ ಇಂದಿನ ಉದ್ದೇಶ.

ಅಮೆರಿಕ ಮತ್ತು ಬ್ರಿಟನ್ನಿನ 19 ಕೇಂದ್ರಗಳಲ್ಲಿ 108 ರೋಗಿಗಳ ಮೇಲೆ ನಡೆದ ಒಂದು ಪರೀಕ್ಷೆಯ ಫಲಿತಾಂಶ 2021ರಲ್ಲಿ 'ಲ್ಯಾನ್ಸೆಟ್' ವೈದ್ಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಅವರೆಲ್ಲರಿಗೂ ರಕ್ತ ಕಟ್ಟಿಕೊಂಡು ಲಕ್ವ ಹೊಡೆದು ಕನಿಷ್ಠ ಒಂಬತ್ತು ತಿಂಗಳು, ಕೆಲವರಿಗೆ ಹಲವು ವರ್ಷಗಳೇ ಕಳೆದಿದ್ದವು. ಮಿದುಳಿನ ಬುಡದಿಂದ ಕತ್ತಿನ ಮೂಲಕ ಹೃದಯ, ಹೊಟ್ಟೆಯವರೆಗೆ ಇಳಿಯುವ ವೇಗಸ್ ಎಂಬ ನರವಿದೆ. ಎದೆಯ ಚರ್ಮದ ಕೆಳಗೆ ಪೇಸ್‌ಮೇಕರ್‌ನಂಥ ಚಿಕ್ಕ ಯಂತ್ರವಿಟ್ಟು, ಅದರ ತಂತಿಯನ್ನು ಕತ್ತಿನ ಎಡಭಾಗದಲ್ಲಿ ಈ ನರಕ್ಕೆ ಜೋಡಿಸಿದರು. ರೋಗಿ ಲೋಟ ಎತ್ತಲು ಕೈ ಚಾಚಿದ ಕ್ಷಣಕ್ಕೆ ಸರಿಯಾಗಿ ಚಿಕಿತ್ಸಕರು ಗುಂಡಿ ಒತ್ತುತ್ತಾರೆ; ಅರ್ಧ ಸೆಕೆಂಡು ಮಾತ್ರ ಸಣ್ಣ ವಿದ್ಯುತ್ತು ಹರಿಯುತ್ತದೆ. ಆ ವಿದ್ಯುತ್ತು ಕೈಯನ್ನು ಎಳೆಯುವುದಿಲ್ಲ. 'ಈಗ ಮಾಡಿದೆಯಲ್ಲ, ಅದನ್ನು ನೆನಪಿಟ್ಟುಕೋ' ಎಂದು ಮಿದುಳಿಗೆ ಹೇಳುತ್ತದೆ, ಅಷ್ಟೆ. ಮಿದುಳಿನ ಉಳಿದ ಭಾಗಗಳು ಹೊಸ ದಾರಿ ಕಂಡುಕೊಳ್ಳಲು ಅದು ನೆರವಾಗುತ್ತದೆ.

ವಾರಕ್ಕೆ ಮೂರರಂತೆ ಆರು ವಾರ ಹೀಗೆ ಅಭ್ಯಾಸ ನಡೆಯಿತು. ಎಲ್ಲರಿಗೂ ಯಂತ್ರ ಹಾಕಿದ್ದರೂ ಅರ್ಧದಷ್ಟು ಜನರಿಗೆ ಮಾತ್ರ ನಿಜವಾದ ವಿದ್ಯುತ್ತು ಕೊಟ್ಟರು. ಕೈಯ ಶಕ್ತಿಗೆ 66 ಅಂಕದ ಅಳತೆಯೊಂದಿದೆ. ವಿದ್ಯುತ್ತು ಪಡೆದವರಿಗೆ ಸರಾಸರಿ 5 ಅಂಕ, ಬರೀ ವ್ಯಾಯಾಮ ಮಾಡಿದವರಿಗೆ 2.4 ಅಂಕ ಹೆಚ್ಚಿತು. ಮೂರು ತಿಂಗಳ ನಂತರ ನೋಡಿದರೆ, ಮೊದಲ ಗುಂಪಿನಲ್ಲಿ ನೂರಕ್ಕೆ 47, ಎರಡನೆಯದರಲ್ಲಿ ನೂರಕ್ಕೆ 24 ಜನರಿಗೆ ಗಣನೀಯ ಸುಧಾರಣೆ ಕಂಡಿತ್ತು. ಅದೇ ವರ್ಷ ಅಮೆರಿಕ ಸರ್ಕಾರ ಈ ಯಂತ್ರಕ್ಕೆ ಅನುಮತಿ ಕೊಟ್ಟಿತು.

ಲೆಕ್ಕದ ಮನುಷ್ಯನಾಗಿ ಇಲ್ಲಿ ಎರಡು ಮಾತು ಹೇಳಬೇಕು. ಇದು ಪವಾಡವಲ್ಲ, ಅರ್ಧಕ್ಕಿಂತ ಹೆಚ್ಚು ಜನರಿಗೆ ಅಷ್ಟು ಗುಣ ಸಿಗಲಿಲ್ಲ. ಎರಡನೆಯದು, ವಿದ್ಯುತ್ತಿಲ್ಲದೆ ವ್ಯಾಯಾಮವನ್ನಷ್ಟೇ ಮಾಡಿದವರಲ್ಲೂ ನಾಲ್ಕರಲ್ಲಿ ಒಬ್ಬರಿಗೆ ಫಲ ಸಿಕ್ಕಿತು. ವರ್ಷ ಕಳೆದ ಮೇಲೂ ಬಾಗಿಲು ಪೂರ್ತಿ ಮುಚ್ಚಿರುವುದಿಲ್ಲ ಎಂಬುದಕ್ಕೆ ಇದೇ ಸಾಕ್ಷಿ.

ಕತ್ತಿನಲ್ಲಿ ತಂತಿ ಇಡುವುದು ನಮ್ಮಂಥವರಿಗೆ ದೂರದ ಮಾತಾಯಿತು. ಆದರೆ ಚರ್ಮದ ಮೇಲೆ ಪಟ್ಟಿ ಅಂಟಿಸಿ ಸ್ನಾಯುವಿಗೆ ವಿದ್ಯುತ್ತು ಕೊಟ್ಟು ಮಣಿಕಟ್ಟನ್ನೂ ಬೆರಳನ್ನೂ ಬಿಚ್ಚಿಸುವ ಯಂತ್ರ ಫಿಜಿಯೋಥೆರಪಿಯವರ ಹತ್ತಿರ ಇರುತ್ತದೆ. ಅದು ಬೇರೆ ವಿಧಾನ, ಗುಟ್ಟು ಮಾತ್ರ ಒಂದೇ: ಯಂತ್ರ ನಡೆಯುವಾಗ ರೋಗಿಯೂ ಮನಸ್ಸಿಟ್ಟು ಕೈ ಬಿಚ್ಚಲು ಹೆಣಗಬೇಕು. ಯಂತ್ರಕ್ಕೆ ಕೈ ಒಪ್ಪಿಸಿ ನಿದ್ದೆ ಮಾಡಿದರೆ ಪ್ರಯೋಜನ ಕಡಿಮೆ. ಎದೆಯಲ್ಲಿ ಪೇಸ್‌ಮೇಕರ್ ಇದ್ದವರು, ಮೂರ್ಛೆರೋಗದವರು ಡಾಕ್ಟರನ್ನು ಕೇಳದೆ ಇದನ್ನು ಮುಟ್ಟಬಾರದು. ಸಂತೆಯಲ್ಲೋ ಜಾಹೀರಾತು ನೋಡಿಯೋ ಕೊಂಡ ಯಂತ್ರವನ್ನು ತಾವೇ ಹಚ್ಚಿಕೊಳ್ಳಲೂಬಾರದು.

ಮನೆಯಲ್ಲಿ ಲಕ್ವದವರಿದ್ದರೆ, ಪ್ರೀತಿಯಿಂದಲೇ ಆದರೂ ಎಲ್ಲವನ್ನೂ ನೀವೇ ಮಾಡಿಕೊಡಬೇಡಿ. ರೊಟ್ಟಿ ಮುರಿಯುವುದು, ಅಂಗಿಯ ಗುಂಡಿ ಹಾಕುವುದು, ಟವೆಲ್ ಮಡಚುವುದು, ಇವುಗಳಲ್ಲಿ ಸೋತ ಕೈಗೂ ಒಂದು ಪಾಲು ಕೊಡಿ. ಹೊತ್ತು ಹಿಡಿಯಲಿ, ಚೂರು ಚೆಲ್ಲಲಿ, ಬೈಯಬೇಡಿ. ಆರು ತಿಂಗಳಾಯಿತೆಂದು ವ್ಯಾಯಾಮ ಬಿಟ್ಟಿದ್ದರೆ, ಈ ವಾರವೇ ಫಿಜಿಯೋಥೆರಪಿಯವರನ್ನು ಮತ್ತೊಮ್ಮೆ ಕಂಡು ಬನ್ನಿ.