ಕೂಲಿಯ ಹಕ್ಕಿಗೆ ಹಣ ಎಲ್ಲಿಂದ?

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬುದು ಸಂಸಾರಸ್ಥನಿಗೆ ಹೇಳಿದ ಬುದ್ಧಿವಾದ. ಅದು ಸರ್ಕಾರಕ್ಕೂ ಸಲ್ಲುತ್ತದೆಯೆ ಎಂದು ನೀವು ಕೇಳಿದರೆ, ಅರ್ಧ ಮಾತ್ರ ಸಲ್ಲುತ್ತದೆ ಎನ್ನಬೇಕಾಗುತ್ತದೆ. ಸಂಸಾರಸ್ಥನ ಹಾಸಿಗೆಯ ಉದ್ದ ಅವನ ಸಂಪಾದನೆಯಷ್ಟೇ. ಸರ್ಕಾರವಾದರೋ ತೆರಿಗೆ ಹಾಕಿ ಹಾಸಿಗೆಯನ್ನು ಕೊಂಚ ಉದ್ದ ಮಾಡಿಕೊಳ್ಳಬಲ್ಲದು. ಆದರೆ ಹಾಗೆ ಸೇರಿಸುವ ಬಟ್ಟೆ ಯಾರ ಮನೆಯಿಂದ ಬಂತು, ಅದರ ಮೇಲೆ ಯಾರು ಕಾಲು ನೀಡಿದರು? ಈ ಎರಡು ಪ್ರಶ್ನೆಗಳಿಗೆ ಕೊಡುವ ಉತ್ತರವೇ ಒಂದು ರಾಜ್ಯದ ಹಣಕಾಸಿನ ನೀತಿ.

ರಾಜ್ಯ ಸರ್ಕಾರಕ್ಕೆ ನೋಟು ಅಚ್ಚುಹಾಕುವ ಅಧಿಕಾರವಿಲ್ಲ. ಸಾಲ ಎತ್ತೋಣವೆಂದರೆ, ಕೇಂದ್ರಕ್ಕೆ ಬಾಕಿಯಿರುವ ರಾಜ್ಯವು ಕೇಂದ್ರದ ಒಪ್ಪಿಗೆಯಿಲ್ಲದೆ ಹೊಸ ಸಾಲ ಮಾಡಕೂಡದೆಂದು ಸಂವಿಧಾನದ 293ನೆಯ ಅನುಚ್ಛೇದ ಹೇಳುತ್ತದೆ. ಇತ್ತ ನೌಕರರ ಸಂಬಳ, ನಿವೃತ್ತರ ವೇತನ, ಹಳೆಯ ಸಾಲದ ಬಡ್ಡಿ, ಈ ಮೂರೂ ಕಾಯುವಂಥವಲ್ಲ. ಹಾಗಾದರೆ ಬೊಕ್ಕಸ ಬರಿದಾದಾಗ ಕಾಯಬೇಕಾದವರು ಯಾರು? ಬಾಗಿಲು ತಟ್ಟಿ ಕೇಳುವ ಶಕ್ತಿಯಿಲ್ಲದವರು. ಮಳೆ ಕೈಕೊಟ್ಟ ವರ್ಷದಲ್ಲಿ ಈ ಕಷ್ಟ ಇಮ್ಮಡಿಯಾಗುತ್ತದೆ. ಬೆಳೆಯಿಲ್ಲದೆ ವ್ಯಾಪಾರ ಕುಗ್ಗುತ್ತದೆ, ವ್ಯಾಪಾರ ಕುಗ್ಗಿದಾಗ ತೆರಿಗೆಯೂ ಕುಗ್ಗುತ್ತದೆ. ಅದೇ ಹೊತ್ತಿಗೆ ನೆರವು ಬೇಡುವವರ ಸಾಲು ಬೆಳೆಯುತ್ತದೆ. ಬಾವಿ ಬತ್ತುವ ಕಾಲಕ್ಕೇ ಬಾಯಾರಿಕೆ ಹೆಚ್ಚುವುದು ಎಂದ ಹಾಗೆ.

ಈ ಗಂಟನ್ನು ಬಿಚ್ಚಲು ನಮ್ಮ ನೆರೆಯ ಮಹಾರಾಷ್ಟ್ರ ಒಮ್ಮೆ ಒಂದು ಉಪಾಯ ಹೂಡಿತು. ಬಿಜಾಪುರ, ಬೆಳಗಾವಿ ಜಿಲ್ಲೆಗಳಿಗೆ ಅಂಟಿಕೊಂಡಿರುವ ಸಾಂಗಲಿ ಜಿಲ್ಲೆಯನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ. ಅದರ ಜತ್ತ ತಾಲ್ಲೂಕಿನಲ್ಲಿ ಇಂದಿಗೂ ಕನ್ನಡದ ಮನೆಮಾತು ಕೇಳಿಬರುತ್ತದೆ. ಆ ಜಿಲ್ಲೆಯ ತಾಸಗಾಂವ ತಾಲ್ಲೂಕಿನಲ್ಲಿ 1965ರಲ್ಲಿ ಒಂದು ಸಣ್ಣ ಪ್ರಯೋಗ ನಡೆಯಿತು. ಅದರ ಹಿಂದೆ ಇದ್ದವರು ಮಹಾರಾಷ್ಟ್ರ ವಿಧಾನ ಪರಿಷತ್ತಿನ ಸಭಾಪತಿಗಳಾಗಿದ್ದ ವಿ. ಸ. ಪಾಗೆಯವರು. ಕೆಲಸ ಬೇಕೆಂದು ಕೇಳಿದ ಹಳ್ಳಿಗನಿಗೆ ಕೆಲಸ ಕೊಡಲೇಬೇಕು, ದಾನವಲ್ಲ, ದುಡಿಮೆಗೆ ಕೂಲಿ. ಇಷ್ಟೇ ಅವರ ವಿಚಾರ.

ಮುಂದೆ 1972ರ ಭೀಕರ ಬರಗಾಲ ಬಂದಿತು. 1973ರ ಬೇಸಗೆಯ ಹೊತ್ತಿಗೆ ಆ ರಾಜ್ಯದ ಬರಪರಿಹಾರ ಕಾಮಗಾರಿಗಳಲ್ಲಿ ಸುಮಾರು 50 ಲಕ್ಷ ಜನ ಮಣ್ಣು ಹೊತ್ತರು, ಕಲ್ಲು ಒಡೆದರು. ಸಣ್ಣ ಪ್ರಯೋಗವಾಗಿದ್ದ ಯೋಜನೆ ಇಡೀ ರಾಜ್ಯದ್ದಾಯಿತು. 1977ರಲ್ಲಿ ಉದ್ಯೋಗ ಖಾತರಿಯ ಕಾನೂನು ಅಂಗೀಕಾರವಾಗಿ, 1979ರ ಜನವರಿ 26ರಿಂದ ಜಾರಿಗೆ ಬಂತು. ಕೇಳಿದ 15 ದಿನಗಳೊಳಗೆ ಕೆಲಸ ಸಿಗದಿದ್ದರೆ ದಿನಕ್ಕೆ ಕನಿಷ್ಠ 1 ರೂಪಾಯಿ ನಿರುದ್ಯೋಗ ಭತ್ಯೆ ಕೊಡಬೇಕೆಂಬ ನಿಯಮವೂ ಸೇರಿತು. ಒಂದು ರೂಪಾಯಿ ದೊಡ್ಡ ಮೊತ್ತವಲ್ಲ; ಆದರೆ ಸರ್ಕಾರ ಮಾತು ತಪ್ಪಿದರೆ ದಂಡ ತೆರಬೇಕೆಂಬುದು ದೊಡ್ಡ ಮಾತು.

ಹಣ ಎಲ್ಲಿಂದ ಬಂತು? ಇಲ್ಲಿಯೇ ಆ ಯೋಜನೆಯ ಜಾಣತನವಿದೆ. 1975ರಲ್ಲಿ ಮಹಾರಾಷ್ಟ್ರವು ವೃತ್ತಿ ತೆರಿಗೆಯ ಕಾನೂನನ್ನು ಮಾಡಿತು. ಸಂಬಳ ಪಡೆಯುವವನು, ವೈದ್ಯ, ವಕೀಲ, ವ್ಯಾಪಾರಿ ಎಲ್ಲರೂ ಸ್ವಲ್ಪ ಸ್ವಲ್ಪ ತೆರಬೇಕು. ಅದರೊಡನೆ ಮೋಟಾರು ವಾಹನಗಳು, ಮಾರಾಟ, ನೀರಾವರಿ ಜಮೀನು ಮೊದಲಾದವುಗಳ ಮೇಲೂ ಹೆಚ್ಚುವರಿ ಕರ ಬಿತ್ತು. ಹೀಗೆ ಕೂಡಿದಷ್ಟೇ ಮೊತ್ತವನ್ನು ಸರ್ಕಾರ ತನ್ನ ಕೈಯಿಂದ ಸೇರಿಸಿ, ಉದ್ಯೋಗ ಖಾತರಿ ನಿಧಿಗೆ ಹಾಕಬೇಕು. ವೃತ್ತಿ ತೆರಿಗೆಯ ದೊಡ್ಡ ಪಾಲು ಮುಂಬಯಿ ನಗರದಿಂದ ಬರುತ್ತಿತ್ತು. ಮರಾಠವಾಡದಲ್ಲಿ ಮಳೆ ಬೀಳದಿದ್ದರೂ ಮುಂಬಯಿಯ ಗುಮಾಸ್ತನ ಸಂಬಳ ತಿಂಗಳಿಗೆ ತಪ್ಪದೆ ಬರುತ್ತದೆ. ಅದರೊಂದಿಗೆ ತೆರಿಗೆಯೂ ಬರುತ್ತದೆ. ಬರದಲ್ಲಿ ಬತ್ತದ ಬಾವಿಯಿಂದ ಬರದ ನಾಡಿಗೆ ನೀರು ಹಾಯಿಸಿದ ಹಾಗೆ. ಕೊಡುವವನಿಗೂ ತಾನು ಯಾತಕ್ಕೆ ಕೊಡುತ್ತಿದ್ದೇನೆಂದು ಗೊತ್ತಿತ್ತು. ಇಲ್ಲದಿದ್ದರೆ ಬದುಕು ಅರಸಿ ಹಳ್ಳಿಯವರು ನಗರದ ಕಾಲುದಾರಿಗೇ ಬರುತ್ತಿದ್ದರು ಎಂಬುದೂ ಗೊತ್ತಿತ್ತು.

ಹಾಗೆಂದು ಹಣಕ್ಕೆ ಹೆಸರು ಬರೆದಿಟ್ಟ ಮಾತ್ರಕ್ಕೆ ಎಲ್ಲವೂ ನೆಟ್ಟಗಾಗಲಿಲ್ಲ. 1988ರಲ್ಲಿ ಯೋಜನೆಯ ಕೂಲಿಯನ್ನು ಕೃಷಿಯ ಕನಿಷ್ಠ ಕೂಲಿಗೆ ಸಮನಾಗಿ, ಸುಮಾರು ಇಮ್ಮಡಿಯಾಗಿ, ಏರಿಸಿದರು. ಅದು ನ್ಯಾಯವೇ. ಆದರೆ ಆ ಬಳಿಕ ಕೆಲಸ ಪಡೆದವರ ಲೆಕ್ಕ ಇಳಿಯಿತು. ಕೇಳಿದವರಿಗೆಲ್ಲ ಕೆಲಸ ಸಿಗುತ್ತಿಲ್ಲವೆಂದು ಅರ್ಥಶಾಸ್ತ್ರಜ್ಞರು ತೋರಿಸಿದರು. ವಸೂಲಾದ ತೆರಿಗೆ ಪೂರ್ತಿಯಾಗಿ ನಿಧಿಗೆ ವರ್ಗವಾಗದೆ ಉಳಿದುದನ್ನು ಲೆಕ್ಕಪರಿಶೋಧಕರು ತಮ್ಮ ವರದಿಗಳಲ್ಲಿ ಎತ್ತಿ ತೋರಿಸಿದರು. ಬೀಗ ಹಾಕಿದ ಪೆಟ್ಟಿಗೆಯಿದ್ದರೂ ಬೀಗದ ಕೈ ಯಾರ ಸೊಂಟದಲ್ಲಿದೆ ಎಂದು ಆಗಾಗ ನೋಡುತ್ತಿರಬೇಕು.

ಮಹಾರಾಷ್ಟ್ರದ ಅನುಭವವೇ 2005ರ ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತರಿ ಕಾನೂನಿಗೆ ದಾರಿ ತೋರಿತು. ಅದರಲ್ಲಿ ಕುಟುಂಬಕ್ಕೆ ವರ್ಷಕ್ಕೆ 100 ದಿನಗಳ ಕೆಲಸ. ಅಕುಶಲ ಕೂಲಿಯ ವೆಚ್ಚವನ್ನು ಕೇಂದ್ರವೇ ಹೊರುತ್ತಿತ್ತು. 2025ರ ಡಿಸೆಂಬರಿನಲ್ಲಿ ಸಂಸತ್ತು ಅದರ ಬದಲಿಗೆ ಹೊಸ ಕಾನೂನನ್ನು ಅಂಗೀಕರಿಸಿತು. ದಿನಗಳು 125ಕ್ಕೆ ಏರಿದವು. ಜೊತೆಗೆ ಬಹುಪಾಲು ರಾಜ್ಯಗಳು ವೆಚ್ಚದಲ್ಲಿ 100ಕ್ಕೆ 40 ರೂಪಾಯಿ ಹೊರಬೇಕೆಂದಾಯಿತು. ಅಂದರೆ ಪಾಗೆಯವರ ಕಾಲದ ಪ್ರಶ್ನೆ ಮರಳಿ ರಾಜ್ಯಗಳ ಬಾಗಿಲಿಗೆ ಬಂದಿದೆ.

ಕರ್ನಾಟಕಕ್ಕೂ ಈ ಪ್ರಶ್ನೆ ಹೊಸದಲ್ಲ. ಆದಾಯಕ್ಕೆ ಮೀರಿದ ಖರ್ಚಿಗೆ ಕಡಿವಾಣ ಹಾಕುವ ವಿತ್ತೀಯ ಹೊಣೆಗಾರಿಕೆಯ ಕಾನೂನನ್ನು 2002ರಲ್ಲಿ ಮಾಡಿ, ಭಾರತದ ರಾಜ್ಯಗಳಲ್ಲಿ ಮೊದಲಿಗನೆನಿಸಿದ ನಾಡು ಇದು. 2023ರಲ್ಲಿ ಆರಂಭವಾದ ಗ್ಯಾರಂಟಿ ಯೋಜನೆಗಳಿಗೆ 2024-25ರ ಆಯವ್ಯಯದಲ್ಲಿ ಸುಮಾರು 52,000 ಕೋಟಿ ರೂಪಾಯಿ ಗೊತ್ತುಮಾಡಿದರು. ಅದೇ ಆಯವ್ಯಯ 27,000 ಕೋಟಿಗೂ ಮಿಕ್ಕ ರಾಜಸ್ವ ಕೊರತೆಯನ್ನು ಅಂದಾಜು ಮಾಡಿತ್ತು. ಒಬ್ಬರು ಇದನ್ನು ದುಂದು ಎನ್ನುತ್ತಾರೆ, ಇನ್ನೊಬ್ಬರು ಬಡವರ ಪಾಲು ಎನ್ನುತ್ತಾರೆ. ಈ ವಾದ ನಡೆಯಲಿ. ಆದರೆ ಕೊಡುವುದು ಸರಿಯೆಂದು ಒಪ್ಪಿದವರೂ ಮಳೆಯಿಲ್ಲದ ವರ್ಷದಲ್ಲಿ ಅದನ್ನು ಯಾವ ಬಾವಿಯಿಂದ ಸೇದುವಿರಿ ಎಂಬುದಕ್ಕೆ ಉತ್ತರ ಹೇಳಬೇಕು.

ಪ್ರತಿಯೊಂದು ತೆರಿಗೆಗೂ ಒಂದೊಂದು ಪೆಟ್ಟಿಗೆ ಕಟ್ಟಿದರೆ ಬೊಕ್ಕಸದ ಕೈಕಾಲೇ ಆಡದು ಎಂಬ ಆಕ್ಷೇಪ ನ್ಯಾಯವಾದದ್ದು. ಎಲ್ಲದಕ್ಕೂ ಪೆಟ್ಟಿಗೆ ಬೇಡ. ಆದರೆ ಕೆಟ್ಟ ಕಾಲದಲ್ಲೇ ಬೇಕಾಗುವ ನೆರವಿಗೆ, ಕೆಟ್ಟ ಕಾಲದಲ್ಲೂ ಬತ್ತದ ಒಂದು ಮೂಲವನ್ನು ಮೊದಲೇ ಗೊತ್ತುಮಾಡಿಡುವುದು ವಿವೇಕ.

ನಿಮ್ಮಲ್ಲಿ ಸಂಬಳಗಾರರಾದವರು ನಿಮ್ಮ ಸಂಬಳದ ಚೀಟಿಯನ್ನೊಮ್ಮೆ ನೋಡಿಕೊಳ್ಳಿ. ವೃತ್ತಿ ತೆರಿಗೆಯೆಂದು ಒಂದು ಸಣ್ಣ ಸಾಲು ಅಲ್ಲಿ ಇದ್ದೀತು. ಸಂವಿಧಾನದ ಪ್ರಕಾರ ಅದು ವರ್ಷಕ್ಕೆ 2,500 ರೂಪಾಯಿ ಮೀರುವಂತಿಲ್ಲ. 1988ರಲ್ಲಿ ಗೊತ್ತಾದ ಆ ಮಿತಿ ಇಂದಿಗೂ ಹಾಗೆಯೇ ಇದೆ. ಒಂದು ಕಾಲದಲ್ಲಿ ಅಂಥದೇ ಸಣ್ಣ ಸಾಲು ನೆರೆನಾಡಿನ ಹಳ್ಳಿಗಳಲ್ಲಿ ಕೆರೆ ಕಟ್ಟಿಸಿತು, ರಸ್ತೆ ಹಾಕಿಸಿತು, ಲಕ್ಷಾಂತರ ಮನೆಗಳ ಒಲೆ ಉರಿಸಿತು. ಮುಂದಿನ ಆಯವ್ಯಯದ ದಿನ ಯಾವ ಸಾಮಾನು ಅಗ್ಗ, ಯಾವುದು ತುಟ್ಟಿ ಎಂದು ನೋಡುವುದರ ಜೊತೆಗೆ, ಕೊಟ್ಟ ಮಾತಿಗೆ ಕಟ್ಟಿದ ಹಣ ಎಲ್ಲಿದೆ ಎಂದೂ ಕೇಳಿ. ಕೇಳುವವರಿದ್ದರೆ ಮಾತ್ರ ಲೆಕ್ಕ ಹೇಳುವವರಿರುತ್ತಾರೆ.