ಏಳು ಅಂಗುಲದ ವ್ಯಾಜ್ಯ

ಈ ಸಂಜೆ ನಾವು ಮಾತನಾಡಬೇಕೆಂದಿರುವುದು ರೈಲಿನ ವಿಷಯ. ಟಿಕೆಟ್ಟು ಕೊಂಡು, ಗಂಟುಮೂಟೆ ಹೊತ್ತು, ನೂಕುನುಗ್ಗಲಿನಲ್ಲಿ ಹತ್ತುವ ರೈಲಲ್ಲ. ಮೇಜಿನ ಮೇಲೆ ಓಡುವ, ಅಂಗೈಯಲ್ಲಿ ಎತ್ತಿಕೊಳ್ಳಬಹುದಾದ ರೈಲು. ಇಷ್ಟು ಕೇಳಿದೊಡನೆಯೆ, "ಇದು ಮಕ್ಕಳ ಕಾರ್ಯಕ್ರಮವಿರಬೇಕು" ಎಂದು ಕೇಳುಗರಲ್ಲಿ ಕೆಲವರು ಏಳಲು ಅನುವಾಗಬಹುದು. ಅವರು ಇನ್ನೊಂದು ನಿಮಿಷ ಕುಳಿತಿರಬೇಕೆಂದು ಪ್ರಾರ್ಥನೆ. ನಾವು ಹೇಳಹೊರಟಿರುವ ಆಟಗಾರರಲ್ಲಿ ಅರುವತ್ತು ದಾಟದವರು ಇಬ್ಬರೇ. ಮಿಕ್ಕವರೆಲ್ಲರೂ ಮೊಮ್ಮಕ್ಕಳನ್ನು ಕಂಡವರು. ಆ ಮೊಮ್ಮಕ್ಕಳಿಗೆ ಈ ರೈಲನ್ನು ಮುಟ್ಟುವ ಅಧಿಕಾರವಿಲ್ಲ.

ಕೆಲವು ವರ್ಷಗಳ ಹಿಂದೆ ಓದಿನ ನಿಮಿತ್ತ ಇಂಗ್ಲೆಂಡಿನ ಒಂದು ಸಣ್ಣ ಪಟ್ಟಣದಲ್ಲಿ ಚಳಿಗಾಲವನ್ನು ಕಳೆಯುವ ಸಂದರ್ಭ ನಮಗೆ ಒದಗಿತು. ಡಿಸೆಂಬರ್ ತಿಂಗಳು, ಅಪರಾಹ್ಣ ನಾಲ್ಕು ಗಂಟೆಗೆಲ್ಲ ದೀಪ ಹಚ್ಚುವ ಕಾಲ. ನಾವು ಇಳಿದುಕೊಂಡಿದ್ದ ಮನೆಯ ಯಜಮಾನರು ನಿವೃತ್ತ ಉಪಾಧ್ಯಾಯರು. ನಾವು ಸಂಜೆಯೆಲ್ಲ ಕಿಟಕಿಯ ಕಡೆಗೆ ಮುಖಮಾಡಿ ಕುಳಿತಿರುವುದನ್ನು ನೋಡಿ ಅವರಿಗೆ ಕನಿಕರ ಹುಟ್ಟಿರಬೇಕು. ಕ್ರಿಸ್‌ಮಸ್ಸಿಗೆ ಹಿಂದಿನ ವಾರ, ಒಂದು ಗುರುವಾರ, "ಬನ್ನಿ, ನಮ್ಮ ಸಂಘಕ್ಕೆ ಹೋಗೋಣ" ಎಂದು ಕರೆದರು. ಸಾಹಿತ್ಯಸಂಘವೋ ಸಂಗೀತಸಭೆಯೋ ಇರಬೇಕೆಂದುಕೊಂಡು ನಾವು ಒಳ್ಳೆಯ ಕೋಟನ್ನು ತೊಟ್ಟು ಹೊರಟೆವು. ಅದು ಇಗರ್ಜಿಯ ಹಿಂಬದಿಯಲ್ಲಿ ಬಾಡಿಗೆಗೆ ಹಿಡಿದ ಒಂದು ಹಜಾರ. ಒಳಗೆ ಇಪ್ಪತ್ತಡಿ ಉದ್ದದ ಮೇಜು; ಮೇಜಿನ ಮೇಲೆ ಒಂದು ಊರು; ಊರಿನ ಸುತ್ತ ಗಂಭೀರವದನರಾದ ಎಂಟು ಹತ್ತು ಮಂದಿ ಗೃಹಸ್ಥರು.

ಮೋಜಿನ ರೈಲುಗಳ ಇಂತಹ ಸಂಘಗಳು ಆ ದೇಶದಲ್ಲಿ ಊರೂರಿಗೂ ಉಂಟು. ಲಂಡನ್ನಿನ ಸಂಘವು 1910ರಲ್ಲಿಯೇ ಹುಟ್ಟಿತು. ಲಿವರ್‌ಪೂಲಿನ ಫ್ರಾಂಕ್ ಹಾರ್ನ್‌ಬಿ ಎಂಬಾತ, ಮೆಕ್ಯಾನೊ ಎಂಬ ಜೋಡಣೆಯ ಆಟಿಕೆಯಿಂದ ಮೊದಲೇ ಹೆಸರು ಗಳಿಸಿದ್ದವನು, 1920ರಲ್ಲಿ ಕೀಲಿ ಕೊಟ್ಟರೆ ಓಡುವ ರೈಲುಗಳನ್ನು ಮಾರಾಟಕ್ಕಿಟ್ಟ ಮೇಲಂತೂ ಕ್ರಿಸ್‌ಮಸ್ ಬೆಳಗ್ಗೆ ರೈಲಿನ ಪೆಟ್ಟಿಗೆ ಸಿಕ್ಕೀತೇ ಎಂಬುದು ಅಲ್ಲಿನ ಅಸಂಖ್ಯಾತ ಹುಡುಗರ ಡಿಸೆಂಬರಿನ ಚಿಂತೆಯಾಯಿತು. ಹುಡುಗರು ಮುದುಕರಾದರು, ಚಿಂತೆ ಹಾಗೆಯೇ ಉಳಿದುಕೊಂಡಿತು.

ನಾವು ಹೋದಾಗ ಊರಿಗೆ ಹಿಮ ಬೀಳಿಸುವ ಕೆಲಸ ನಡೆದಿತ್ತು. ಯಾವ ಪುಡಿಯಿಂದ ಬೀಳಿಸಬೇಕೆಂಬುದರಲ್ಲಿ ಒಮ್ಮತವಿರಲಿಲ್ಲ. ಹಿಂದಿನ ವರ್ಷ ಯಾರೋ ಗೋದಿಯ ಹಿಟ್ಟನ್ನು ಉದುರಿಸಿದ್ದರಂತೆ. ಹೊಸವರ್ಷದ ಹೊತ್ತಿಗೆ ಇಲಿಗಳು ಸ್ಟೇಷನ್ನಿನ ಛಾವಣಿಯವರೆಗೆ ಹಿಮವನ್ನು ತೆರವುಮಾಡಿದ್ದುವಂತೆ. "ಪುರಸಭೆಗಿಂತ ಚೆನ್ನಾಗಿ ಮಾಡಿದುವು" ಎಂದರು ಒಬ್ಬರು. ಈ ಸಲ ಸುಣ್ಣದಕಲ್ಲಿನ ಪುಡಿ. ಅದು ಕಂಬಿಯ ಮೇಲೆ ಬಿದ್ದಲ್ಲಿ ವಿದ್ಯುತ್ತು ಹರಿಯದೆ ಗಾಡಿ ನಿಂತಿತು. ಒಡನೆಯೆ ನಾಲ್ಕು ಕಂಠಗಳು ಒಟ್ಟಾಗಿ, "ಜಾತಿ ತಪ್ಪಿದ ಹಿಮ!" ಎಂದು ಕೂಗಿದುವು. ನಾವು ಕಣ್ಣುಬಿಟ್ಟುದನ್ನು ಕಂಡು ಉಪಾಧ್ಯಾಯರು ವಿವರಿಸಿದರು. 1991ರ ಫೆಬ್ರುವರಿಯಲ್ಲಿ ಭಾರಿಯಾಗಿ ಹಿಮ ಸುರಿದು ಅಲ್ಲಿನ ದೊಡ್ಡ ರೈಲುಗಳು ನಿಂತುವು. ಹಿಮವು ನಯವಾದ ಪುಡಿಯಂತಿದ್ದು ಮೋಟಾರುಗಳೊಳಗೆ ನುಗ್ಗಿತೆಂದು ರೈಲ್ವೆಯವರು ಸಮಾಧಾನ ಹೇಳಿದರು. ಮಾತು ದಿಟವೇ, ಆದರೆ ಪತ್ರಿಕೆಗಳು ಅದನ್ನು 'ಜಾತಿ ತಪ್ಪಿದ ಹಿಮ' ಎಂದು ಸಾರಿದುವು. ಅಂದಿನಿಂದ ಆ ದೇಶದಲ್ಲಿ ಯಾವ ಕುಂಟುನೆವಕ್ಕೂ ಅದೇ ಹೆಸರು. ಆ ಹಜಾರದಲ್ಲಿ ಚಹಾ ತಣ್ಣಗಾದರೂ ಅದಕ್ಕೆ ಹಿಮವೇ ಕಾರಣ.

ಆದರೆ ಅಲ್ಲಿನ ನಿತ್ಯದ ವ್ಯಾಜ್ಯ ಹಿಮದ್ದಲ್ಲ, ಏಳು ಅಂಗುಲದ್ದು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅಲ್ಲಿ ಬಹುಜನರು ಆಡುವ ರೈಲಿಗೆ 'ಡಬಲ್ ಓ' ಎಂದು ಹೆಸರು. ದೊಡ್ಡ ರೈಲಿನ ಒಂದು ಅಡಿಗೆ ಇಲ್ಲಿ ನಾಲ್ಕು ಮಿಲಿಮೀಟರು. ಎಂಜಿನು, ಬೋಗಿ, ಸ್ಟೇಷನ್ನು, ಸ್ಟೇಷನ್ ಮಾಸ್ಟರು, ಎಲ್ಲವೂ ಈ ಲೆಕ್ಕಕ್ಕೆ ಸರಿಯೇ. ತಪ್ಪಿರುವುದು ಕಂಬಿಗಳ ನಡುವಣ ಅಗಲ ಒಂದೇ. ಅದು 16.5 ಮಿಲಿಮೀಟರು, ಅಂದರೆ 4 ಅಡಿ ಒಂದೂವರೆ ಅಂಗುಲ. ದಿಟವಾದ ರೈಲಿನದು 4 ಅಡಿ ಎಂಟೂವರೆ ಅಂಗುಲ. ಬ್ರಿಟನ್ನಿನ ಎಂಜಿನುಗಳು ಯೂರೋಪು ಖಂಡದ ಎಂಜಿನುಗಳಿಗಿಂತ ಮೈಯಲ್ಲಿ ಚಿಕ್ಕವು. ಖಂಡದವರಂತೆ ಅಡಿಗೆ ಮೂರೂವರೆ ಮಿಲಿಮೀಟರಿನ ಲೆಕ್ಕದಲ್ಲಿ ಮಾಡಿದರೆ, ಆ ಕಾಲದ ಮೋಟಾರು ಅವುಗಳ ಹೊಟ್ಟೆಯೊಳಕ್ಕೆ ಹಿಡಿಸುತ್ತಿರಲಿಲ್ಲ. ಆದುದರಿಂದ ಕಂಬಿಯನ್ನು ಇದ್ದಂತೆಯೇ ಇರಿಸಿಕೊಂಡು ಮೈಯನ್ನು ಮಾತ್ರ ಹಿಗ್ಗಿಸಿದರು. 1938ರಲ್ಲಿ ಹಾರ್ನ್‌ಬಿಯ ಕಂಪೆನಿಯವರು 'ಡಬ್ಲೊ' ಎಂಬ ಹೆಸರಿನಿಂದ ಈ ಅಳತೆಯ ರೈಲನ್ನು ತಂದರು. ಏಳು ಅಂಗುಲದ ತಪ್ಪು ಮನೆಮನೆಯ ಸಂಪ್ರದಾಯವಾಯಿತು.

ಸಂಪ್ರದಾಯವಿದ್ದ ಮೇಲೆ ಮಡಿವಂತರು ಇರಬೇಡವೆ? 1960ರ ದಶಕದಲ್ಲಿ ಕೆಲವರು 18.83 ಮಿಲಿಮೀಟರೇ ಆಗಬೇಕೆಂದು ಹಠ ಹಿಡಿದು, ಚಕ್ರ ಕಂಬಿಗಳನ್ನೆಲ್ಲ ಆ ಅಳತೆಗೆ ತಾವೇ ತಯಾರಿಸಿಕೊಂಡರು. ಈ ಸಂಘದಲ್ಲಿ ಆ ಮತದವರು ಒಬ್ಬರಿದ್ದರು, ದಂತವೈದ್ಯರು. ಹಲ್ಲು ಕೆರೆಯುವ ಕೊಕ್ಕೆಗಳಿಂದಲೇ ಅವರು ಬೋಗಿಯ ಹಿಡಿಗಳನ್ನು ಕೂರಿಸುವರು. ಮಿಕ್ಕವರು ಓಡಿಸುವ ಗಾಡಿಯನ್ನು ಅವರು ಮುಂಭಾಗದಿಂದ ನೋಡಲೊಲ್ಲರು. ನೋಡಿದರೆ ಕಂಬಿಯ ಅಗಲ ಕಣ್ಣಿಗೆ ಬೀಳುತ್ತದಂತೆ.

"ನಿಮ್ಮ ಗಾಡಿ ಎಷ್ಟು ವರ್ಷದಿಂದ ಸಿದ್ಧವಾಗುತ್ತಿದೆ, ವೈದ್ಯರೆ?" ಎಂದು ಉಪಾಧ್ಯಾಯರು ಕೆಣಕಿದರು.

"ಹನ್ನೊಂದು ವರ್ಷ."

"ಓಡಿತೆ?"

"ಓಡುವುದು ಮುಖ್ಯವಲ್ಲ, ಸರಿಯಾಗಿರುವುದು ಮುಖ್ಯ."

"ಹಾಗಾದರೆ ದೊಡ್ಡ ರೈಲಿಗಿಂತ ನಿಮ್ಮದೇ ವಾಸಿ ಎನ್ನಿ. ಅದು ಸರಿಯಾಗಿಯೂ ಇಲ್ಲ, ಓಡುವುದೂ ಇಲ್ಲ."

ನಮ್ಮ ಅಭಿಪ್ರಾಯವನ್ನು ಕೇಳಿದರು. ನಮ್ಮ ನಾಡಿನಲ್ಲಿ ಐದೂವರೆ ಅಡಿಯ ಕಂಬಿ, ಒಂದು ಮೀಟರಿನ ಕಂಬಿ, ಅದಕ್ಕೂ ಕಿರಿದಾದ ಕಂಬಿ, ಇವೆಲ್ಲವೂ ದೊಡ್ಡ ರೈಲುಗಳಲ್ಲಿಯೇ ಇದ್ದುವೆಂದೂ, ಮದರಾಸಿನ ಕಡೆಯಿಂದ ಅಗಲದ ಗಾಡಿಯಲ್ಲಿ ಬಂದವರು ಬೆಂಗಳೂರಿನಲ್ಲಿ ಇಳಿದು ಮೈಸೂರಿಗೆ ಕಿರಿಯ ಗಾಡಿಯನ್ನು ಹತ್ತಬೇಕಾಗಿದ್ದಿತೆಂದೂ, ನಮ್ಮ ಬಾಲ್ಯದವರೆಗೂ ಅದು ಹಾಗೆಯೇ ನಡೆಯಿತೆಂದೂ ಹೇಳಿ, ಏಳು ಅಂಗುಲಕ್ಕಾಗಿ ಜಗಳವಾಡುವುದು ನಮ್ಮವರಿಗೆ ತೀರ ಜಿಪುಣತನವಾಗಿ ಕಂಡೀತೆಂದೆವು. ದಂತವೈದ್ಯರು ಆ ರಾತ್ರಿ ನಮ್ಮೊಡನೆ ಮತ್ತೆ ಮಾತನಾಡಲಿಲ್ಲ. ಮಿಠಾಯಿಯ ತಟ್ಟೆಯನ್ನು ಮಾತ್ರ ನಮ್ಮ ಕಡೆಗೆ ತಳ್ಳಿದರು.

ಅಲ್ಲಿ ದಿಟವಾದ ರೈಲ್ವೆಯ ನೌಕರರು ಒಬ್ಬರೇ, ಎಂಬತ್ತು ದಾಟಿದ ಸಿಗ್ನಲ್‌ಮನ್. ಅಳತೆಯ ಜಗಳದಲ್ಲಿ ಅವರು ಸೇರುತ್ತಿರಲಿಲ್ಲ. ಅವರ ಕೆಲಸ ಒಂದು ಹಿತ್ತಾಳೆಯ ಗಂಟೆ. ಬ್ರಿಟನ್ನಿನ ಹಳೆಯ ಪದ್ಧತಿಯಲ್ಲಿ ಒಂದು ಸಿಗ್ನಲ್ ಮನೆಯವರು ಮುಂದಿನ ಮನೆಯವರಿಗೆ ಗಂಟೆಯ ಬಡಿತದಿಂದಲೇ ಸುದ್ದಿ ಕಳುಹಿಸುವರು. ನಾಲ್ಕು ಬಡಿತವೆಂದರೆ, "ಎಕ್ಸ್‌ಪ್ರೆಸ್ ಗಾಡಿಗೆ ದಾರಿ ಉಂಟೆ?" ಎಂದು, ಎರಡು ಬಡಿತವೆಂದರೆ ಗಾಡಿ ಹೊರಟಿತೆಂದು. ಮೇಜಿನ ಮೇಲಿದ್ದ ಊರು ಅವರು ಹುಡುಗನಾಗಿ ಕೆಲಸಕ್ಕೆ ಸೇರಿದ ಊರು. 1963ರಲ್ಲಿ ಡಾಕ್ಟರ್ ಬೀಚಿಂಗ್ ಎಂಬವರು ನಷ್ಟದ ಲೆಕ್ಕ ಹಾಕಿ 2,363 ಸ್ಟೇಷನ್ನುಗಳನ್ನೂ ನಿಲ್ದಾಣಗಳನ್ನೂ ಮುಚ್ಚಬೇಕೆಂದು ವರದಿ ಬರೆದರು. ಆ ಪಟ್ಟಿಯಲ್ಲಿ ಈ ಊರೂ ಸೇರಿತ್ತು. ದಾರಿಯನ್ನು ಕಿತ್ತರು. ಈಗ ಆ ಊರಿಗೆ ರೈಲು ಬರುವುದು ಗುರುವಾರ ಸಂಜೆ ಏಳರಿಂದ ಒಂಬತ್ತೂವರೆಯವರೆಗೆ, ಈ ಹಜಾರದಲ್ಲಿ. ಸಿಗ್ನಲ್‌ಮನ್ನರು ತಮ್ಮ ಹಳೆಯ ಸಿಗ್ನಲ್ ಮನೆಯ ಮುಂದೆ, ಅದು ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದು, ಕುರ್ಚಿ ಹಾಕಿಕೊಂಡು ಕುಳಿತಿರುವರು. ಗಾಡಿ ಹಳಿ ತಪ್ಪಿದರೆ ಮೇಲಿನಿಂದ ಒಂದು ದೊಡ್ಡ ಕೈ ಇಳಿದುಬಂದು ಎತ್ತಿಡುವುದನ್ನು ನೋಡಿ, "ನನ್ನ ಸರ್ವಿಸಿನಲ್ಲಿ ಈ ಕೈಗಾಗಿ ಎಷ್ಟೋ ರಾತ್ರಿ ಪ್ರಾರ್ಥನೆ ಮಾಡಿದೆ, ಇಳಿದು ಬರಲಿಲ್ಲ" ಎಂದರು.

ಹಣ್ಣಿನ ಹೂರಣದ ಕಡುಬು, ಚಹಾ ಬಂದುವು. ಮಾತು ಉಡುಗೊರೆಗಳ ಕಡೆಗೆ ತಿರುಗಿತು. ಒಂದು ಹೊಸ ಎಂಜಿನಿನ ಬೆಲೆ ಈಗ 200 ಪೌಂಡಿನ ಆಸುಪಾಸು. ಇದನ್ನು ಮನೆಯೊಳಕ್ಕೆ ತರುವುದು ಹೇಗೆಂಬುದೇ ಆ ಮಂದಿಯ ಮುಖ್ಯವಾದ ಶಾಸ್ತ್ರ. ತರಕಾರಿಯ ಚೀಲದಲ್ಲಿ ತರುವವರು ಕೆಲವರು. ತಮಗೆ ತಾವೇ ಕ್ರಿಸ್‌ಮಸ್ ತಾತನ ಹೆಸರಿನಲ್ಲಿ ಅಂಚೆಯಿಂದ ಕಳುಹಿಸಿಕೊಳ್ಳುವವರು ಕೆಲವರು. ಮನೆಯಾಕೆ ಬೆಲೆ ಕೇಳಿದರೆ ಒಂದು ಸೊನ್ನೆಯನ್ನು ಬಿಟ್ಟು ಹೇಳುವುದು ಎಲ್ಲರಿಗೂ ಸಮ್ಮತವಾದ ಮಾರ್ಗ. ಆಗ ದಂತವೈದ್ಯರು ಒಂದು ಹಳೆಯ ನಗೆಮಾತನ್ನು ತೆಗೆದರು. "ನನಗೆ ಸಾವಿನ ಭಯವಿಲ್ಲ. ನಾನು ಸತ್ತ ಮೇಲೆ, ನಾನು ಹೇಳಿದ್ದ ಬೆಲೆಗೇ ಅವಳು ಎಲ್ಲವನ್ನೂ ಮಾರಿಬಿಟ್ಟರೆ, ಅದೊಂದೇ ಭಯ!" ಆ ಸಂಘಗಳಲ್ಲೆಲ್ಲ ಸವೆದುಹೋದ ಮಾತು ಅದು, ಆದರೂ ಎಲ್ಲರೂ ನಕ್ಕರು. ನಗುತ್ತ ನಗುತ್ತ ಒಬ್ಬೊಬ್ಬರೇ ಸುಮ್ಮನಾದರು. ಗೋಡೆಯ ಪಕ್ಕದಲ್ಲಿ ಒಂದು ಕುರ್ಚಿ ಬರಿದಾಗಿತ್ತು. ಅದು ಊರಿನಲ್ಲಿ ಅಂಚೆ ಹಂಚುತ್ತಿದ್ದವರ ಕುರ್ಚಿಯೆಂದೂ, ಅವರು ಮೇ ತಿಂಗಳಲ್ಲಿ ತೀರಿಕೊಂಡರೆಂದೂ ಉಪಾಧ್ಯಾಯರು ನಮ್ಮ ಕಿವಿಯಲ್ಲಿ ಹೇಳಿದರು.

ಎಂಟೂವರೆಯ ಹೊತ್ತಿಗೆ ಬಾಗಿಲು ತೆರೆದು ಆ ಅಂಚೆಯವರ ಪತ್ನಿ ಒಳಗೆ ಬಂದರು. ಕೈಯಲ್ಲಿ ಎರಡು ರಟ್ಟಿನ ಪೆಟ್ಟಿಗೆಗಳು, ಒಂದು ಪುಟ್ಟ ಲೆಕ್ಕದ ಪುಸ್ತಕ. ಎಲ್ಲರೂ ಎದ್ದು ನಿಂತರು. ಆಕೆ ಪೆಟ್ಟಿಗೆಗಳನ್ನು ಮೇಜಿನ ಅಂಚಿನಲ್ಲಿಟ್ಟು, "ಇವು ಅವರ ಎಂಜಿನುಗಳು, ಇಪ್ಪತ್ತಾರು. ಬೆಲೆಯನ್ನು ಅವರು ನನಗೆ ಹೇಳಿದಂತೆ ಬರೆದಿಟ್ಟುಕೊಂಡಿದ್ದೇನೆ. ಇದಕ್ಕೆ ಹದಿನೈದು ಪೌಂಡು, ಇದಕ್ಕೆ ಹದಿನೆಂಟು. ಸ್ನೇಹಿತರಿಂದ ಲಾಭ ತೆಗೆದುಕೊಳ್ಳುವುದು ನನಗೆ ಬೇಡ, ಅದೇ ಬೆಲೆಗೆ ನೀವೇ ತೆಗೆದುಕೊಳ್ಳಿ" ಎಂದರು.

ಹಜಾರದಲ್ಲಿ ಸದ್ದಿಲ್ಲ. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಕಡೆಗೆ ದಂತವೈದ್ಯರು ಒಂದು ಎಂಜಿನನ್ನು ಎತ್ತಿ, ಕನ್ನಡಕವನ್ನು ಸರಿಪಡಿಸಿಕೊಂಡು, "ಅಮ್ಮಾ, ಅವರು ಹೇಳಿದುದು ಆ ಕಾಲದ ಬೆಲೆ. ಈಚೆಗೆ ಬೆಲೆಗಳು ಬಹಳ ಏರಿವೆ. ಇದು ಈಗ ನೂರೈವತ್ತಕ್ಕೆ ಕಡಮೆಯಿಲ್ಲ" ಎಂದರು.

"ಹತ್ತು ಪಾಲು ಏರಿದೆಯೆ?"

"ಏರಿದೆ, ಅಮ್ಮಾ." ಅಷ್ಟು ಮಂದಿಯೂ ಒಂದೇ ಸಮನೆ ತಲೆಯಾಡಿಸಿದರು. ಏಳು ಅಂಗುಲದ ಸುಳ್ಳನ್ನು ಹನ್ನೊಂದು ವರ್ಷ ಸಹಿಸದ ಮನುಷ್ಯರು ಅವರು.

ಆಕೆ ಒಬ್ಬೊಬ್ಬರನ್ನೂ ನೋಡುತ್ತ ಬಂದು, ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. "ನಲವತ್ತು ವರ್ಷ ಅವರ ಕೋಟುಗಳನ್ನು ಒಗೆಯಲು ಹಾಕಿದವಳು ನಾನು. ಜೇಬಿನಲ್ಲಿದ್ದ ರಸೀದಿಗಳೆಲ್ಲ ನನ್ನ ಹತ್ತಿರವೇ ಇವೆ. ಅವರು ಸುಳ್ಳು ಹೇಳುವಾಗ ಕಿವಿ ಕೆಂಪಾಗುತ್ತಿತ್ತು. ಅದನ್ನು ನೋಡುವುದಕ್ಕಾಗಿಯೇ ಕೇಳುತ್ತಿದ್ದೆ. ನಿಮ್ಮಲ್ಲಿ ಯಾರು ಅವರನ್ನು ಬಿಟ್ಟುಕೊಡುತ್ತೀರಿ ನೋಡೋಣವೆಂದು ಬಂದೆ." ನಗುತ್ತಿರುವಂತೆಯೇ ಆಕೆಯ ಕಣ್ಣು ತುಂಬಿತು. ಬರಿದಾಗಿದ್ದ ಆ ಕುರ್ಚಿಯನ್ನು ಯಾರೋ ಎಳೆದು ಕೊಟ್ಟರು.

ಅವರ ಮೆಚ್ಚಿನ ಎಂಜಿನನ್ನು ಒಂದು ಸಲ ಓಡಿಸಿ ತೋರಿಸಬೇಕೆಂದು ಆಕೆ ಕೇಳಿದರು. ಅದು ಫ್ಲೈಯಿಂಗ್ ಸ್ಕಾಟ್ಸ್‌ಮನ್. 1923ರಲ್ಲಿ ಡಾಂಕಸ್ಟರಿನಲ್ಲಿ ಹುಟ್ಟಿ, 1934ರಲ್ಲಿ ಗಂಟೆಗೆ ನೂರು ಮೈಲಿಯ ವೇಗವನ್ನು ಮುಟ್ಟಿದ ಎಂಜಿನಿನ ಪ್ರತಿರೂಪ. ಅಂತಹ ರಾಜ ಎಂಜಿನು ಈ ಹಳ್ಳಿಯ ಕವಲುದಾರಿಗೆ ಒಂದು ದಿನವೂ ಬಂದುದಿಲ್ಲ. ಬಂದಿದ್ದರೆ ಸೇತುವೆ ತಡೆಯುತ್ತಿರಲಿಲ್ಲವಂತೆ. ಅಂಚೆಯವರು ಬದುಕಿದ್ದಾಗ ಅದನ್ನು ಓಡಿಸಲು ದಂತವೈದ್ಯರು ಎಂದೂ ಒಪ್ಪಿರಲಿಲ್ಲ. ಈಗ ಅವರೇ ಅದನ್ನು ಎತ್ತಿ ಏಳು ಅಂಗುಲ ತಪ್ಪಿದ ಕಂಬಿಯ ಮೇಲೆ ಇಟ್ಟರು. ಸಿಗ್ನಲ್‌ಮನ್ನರು ಗಂಟೆಯನ್ನು ನಾಲ್ಕು ಸಲ ಬಡಿದರು. ಎಂಜಿನು ಹೊರಟಿತು, ಊರನ್ನು ಬಳಸಿತು, ಸ್ಟೇಷನ್ನಿಗೆ ಒಂದು ಗೇಣಿರುವಾಗ ನಿಂತಿತು.

"ಜಾತಿ ತಪ್ಪಿದ ಹಿಮ" ಎಂದರು ಆಕೆ.

ನಗು ಇಳಿದ ಮೇಲೆ ನಾವು, ಕ್ರಿಸ್‌ಮಸ್ ದಿನ ಲಂಡನ್ನಿಗೆ ಹೋಗಲು ಯಾವ ಗಾಡಿ ಅನುಕೂಲವೆಂದು ವಿಚಾರಿಸಿದೆವು. ಮತ್ತೆ ನಗು. ಡಿಸೆಂಬರ್ 25ರಂದು ಆ ದೇಶದಲ್ಲಿ ರೈಲುಗಳು ಹೆಚ್ಚುಕಡಮೆ ಓಡುವುದೇ ಇಲ್ಲವಂತೆ. 1960ರ ದಶಕದಿಂದ ಅದೇ ವಾಡಿಕೆ. ಕಂಬಿ ರಿಪೇರಿಯವರಿಗೆ ಮಾತ್ರ ಅಂದು ಕೆಲಸ. "ಮಗನೂ ಬರುವಂತಿಲ್ಲ" ಎಂದು ಆಕೆ ಮೆಲ್ಲನೆ ಹೇಳಿದರು. ಸಿಗ್ನಲ್‌ಮನ್ನರು ತಲೆಯೆತ್ತಿ, "ಆ ದಿನ ಮೂರು ಗಂಟೆಗೆ ಇಲ್ಲಿಂದ ಒಂದು ಗಾಡಿ ಇದೆ. ಬೀಗದ ಕೈ ನನ್ನ ಹತ್ತಿರವಿದೆ" ಎಂದರು. ಆಕೆಗೆ ಹೇಳಿದರೋ ನಮಗೆ ಹೇಳಿದರೋ ತಿಳಿಯದೆ, ಇಬ್ಬರೂ ಆಗಲೆಂದೆವು.

ಒಂಬತ್ತೂವರೆಯಾಯಿತು. ಕಡುಬಿನ ತಟ್ಟೆಗಳನ್ನು ತೊಳೆದರು, ಗಾಡಿಗಳನ್ನು ಪೆಟ್ಟಿಗೆಗೆ ಸೇರಿಸಿದರು. ದೀಪ ಆರಿಸುವ ಮುನ್ನ ಸಿಗ್ನಲ್‌ಮನ್ನರು ಗಂಟೆಯ ಬಳಿಗೆ ಹೋಗಿ ಏಳು ಸಲ ಬಡಿದು ತಡೆದರು. ಐದು ಸಲ ಬಡಿದು ತಡೆದರು. ಮತ್ತೆ ಐದು ಸಲ ಬಡಿದರು. ಸಿಗ್ನಲ್ ಮನೆಯನ್ನು ಮುಚ್ಚುವಾಗ ಕೊಡುವ ಸನ್ನೆ ಅದೆಂದು ಉಪಾಧ್ಯಾಯರು ಬಾಗಿಲಲ್ಲಿ ನಮಗೆ ಕೊಡೆಯನ್ನು ಬಿಚ್ಚಿ ಹಿಡಿಯುತ್ತ ಹೇಳಿದರು. ಹೊರಗೆ ಮಳೆ ಹನಿಯುತ್ತಿತ್ತು.